ಕೊನೇ ಸ್ಟಾಪಿನ ಗಿಡ

“ಹೋಲ್ಡಾನ್! ಹೋಲ್ಡಾನ್! ಹಿಂದಿನ ಮೂಲೆ ಗೋಡೆಗೆ ತಾಗ್ತಿದೆ!”

ಮನೆಯ ಬಾಗಿಲಿನಿಂದ ಅಂಗಳಕ್ಕೆ ಬರುವ ಹಾದಿ ಇಕ್ಕಟ್ಟು. ಅದರ ತಿರುವಿನಲ್ಲಿ ಪೆಟ್ಟಿಗೆ ಸಿಕ್ಕಿಕೊಂಡಿತ್ತು. ಹೊತ್ತವರು ಮುಂದೆ ಹೋಗಲಾರದೆ, ಹಿಂದೆ ಬರಲಾರದೆ, ಭಾರವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುತ್ತ ನಿಂತಿದ್ದರು. ಅಂಗಳದಿಂದ ಕೂಗುತ್ತಿದ್ದವನು ಒಬ್ಬ ಮುದುಕ. ಎಲ್ಲರ ಬಾಯಲ್ಲೂ ಡ್ರೈವರಣ್ಣ. ಬಸ್ಸು ಬಿಟ್ಟು ಬಹಳ ವರ್ಷವಾಗಿತ್ತು. ಆದರೂ ಅವನ ಎರಡು ಕೈಗಳು ಗಾಳಿಯಲ್ಲಿ ಕಾಣದ ಚಕ್ರವೊಂದನ್ನು ತಿರುಗಿಸುತ್ತಿದ್ದವು.

“ಎಡಕ್ಕೆ ಕಟ್ ಮಾಡಿ. ಇನ್ನೂ. ಹಿಂದಿನೋರು ಸ್ವಲ್ಪ ಎತ್ಕೊಳ್ಳಿ… ಹಾಂ, ಬರ್ಲಿ, ಬರ್ಲಿ, ಬರ್ಲಿ…”

ಪೆಟ್ಟಿಗೆ ತಿರುವು ದಾಟಿತು. ಮೆಟ್ಟಿಲಿಳಿದು ಬೆಳಕಿಗೆ ಬಂತು.

“ರೈಟ್,” ಅಂದ ಡ್ರೈವರಣ್ಣ. ಆಮೇಲೆ ಪಕ್ಕದವರಿಗೆ ಕೇಳುವಷ್ಟು ಮೆಲ್ಲಗೆ, “ಸರ್ವೀಸು ಪೂರ್ತಿ ಅವ್ರು ರೈಟ್ ಅಂದ್ರು, ನಾನು ಗಾಡಿ ಬಿಟ್ಟೆ. ಇವತ್ತು ನಾನು ಅನ್ಬೇಕಾಯ್ತು ನೋಡಿ,” ಅಂದ.

ಪೆಟ್ಟಿಗೆಯೊಳಗೆ ಮಲಗಿದ್ದವಳು ಕಂಡಕ್ಟರಮ್ಮ. ಮಾರುಕಟ್ಟೆಯಿಂದ ಗುಡ್ಡದ ಬುಡದವರೆಗೆ ಹೋಗುವ ಬಸ್ಸಿನಲ್ಲಿ ಚೀಟಿ ಹರಿದು ಹರಿದೇ ವಯಸ್ಸಾದವಳು. ಗಂಡ ಬಹಳ ಹಿಂದೆಯೇ ತೀರಿಕೊಂಡಿದ್ದ. ಒಬ್ಬಳು ಮಗಳು, ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸ. ಒಬ್ಬ ತಮ್ಮ, ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಮನೆ. ಕಚೇರಿ ಕೆಲಸದಿಂದ ನಿವೃತ್ತನಾದ ಮೇಲೆ ಅವನು ಕಟ್ಟಡದ ಸಂಘಕ್ಕೆ ಸೆಕ್ರೆಟರಿಯಾಗಿದ್ದ. ಎಲ್ಲರೂ ಅವನನ್ನು ಕರೆಯುವುದೂ ಹಾಗೆಯೇ.

ಕಡೆಯ ಸಲ ನೋಡುವವರಿಗಾಗಿ ಪೆಟ್ಟಿಗೆಯನ್ನು ಮರದ ಕೆಳಗೆ ಬೆಂಚಿನ ಮೇಲೆ ಇಟ್ಟರು. ಅಂಗಳದ ನಡುವಿನ ಆ ಮರ ಕಟ್ಟಡಕ್ಕಿಂತ ಹಳೆಯದು. ಸಂಜೆಯ ಬಿಸಿಲು ಎರಡು ಗೋಡೆಗಳ ಸಂದಿಯಿಂದ ಒಂದಿಷ್ಟು ಹೊತ್ತು ಓರೆಯಾಗಿ ಬಂದು ಹೋಗುತ್ತದೆ. ಉಳಿದಂತೆ ದಿನವಿಡೀ ನೆರಳು. ಮಳೆ ಬಂದರೂ ಎಲೆಗಳೇ ತಡೆದುಬಿಡುತ್ತವೆ. ತಪ್ಪಿ ಕೆಳಗಿಳಿದ ನೀರನ್ನು ಬೇರು ಕುಡಿದುಬಿಡುತ್ತದೆ. ಅಂಥ ಒಣ ನೆಲದ ಅರ್ಧದಷ್ಟು ಜಾಗವನ್ನು ಮೊಣಕಾಲಿನ ಎತ್ತರಕ್ಕೂ ಬಾರದ ಒಂದು ಗಿಡ ಹೊದ್ದು ಮಲಗಿತ್ತು. ತಂತಿಯಂಥ ಸಣ್ಣ ದಂಟು, ಹೃದಯದಾಕಾರದ ಎಲೆ. ಚಳಿ ಕಳೆಯುವ ಕಾಲವಾದ್ದರಿಂದ ಹೊಸ ಎಲೆಗಳು ತಾಮ್ರದ ಬಣ್ಣದಲ್ಲಿದ್ದವು. ಉಳಿದರ್ಧ ನೆಲದಲ್ಲಿ ಬರೀ ಧೂಳು, ಮತ್ತು ನಾಲ್ಕಾರು ಸ್ಕೂಟರು. ಗಿಡ ಮುಗಿದು ಧೂಳು ಶುರುವಾಗುವ ಗಡಿಯಲ್ಲಿ ಸಿಮೆಂಟಿನ ಮೂಟೆಗಳು, ಮೇಲೊಂದು ನೀಲಿ ಹಾಳೆ.

ಜನ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಒತ್ತೊತ್ತಾಗಿ ಅಂಚಿನಲ್ಲೇ ನಿಂತಿದ್ದರು.

“ಗಿಡದ ಮೇಲೇ ನಿಂತ್ಕೊಳ್ಳಿ, ಪರವಾಗಿಲ್ಲ,” ಅಂದ ಸೆಕ್ರೆಟರಿ. “ನಾಳೆ ಹೇಗೂ ಮೇಸ್ತ್ರಿ ಬಂದು ಗಾಡಿ ನಿಲ್ಸೋಕೆ ಸಿಮೆಂಟ್ ಹಾಕ್ತಾನೆ.”

ಯಾರೂ ಕಾಲಿಡಲಿಲ್ಲ. ಹಳೆಯ ಬಸ್ಸಿನ ಗಿರಾಕಿಗಳೇ ಹೆಚ್ಚಾಗಿದ್ದರು. ಒಬ್ಬರ ಭುಜಕ್ಕೆ ಒಬ್ಬರು ಭುಜ ಕೊಟ್ಟು ನಿಲ್ಲುವುದು ಅವರಿಗೆ ಹೊಸದಲ್ಲ.

ಎದುರು ಮನೆಯ ಹೆಂಗಸು ಮೂಟೆಗಳನ್ನೊಮ್ಮೆ, ಸೆಕ್ರೆಟರಿಯನ್ನೊಮ್ಮೆ ನೋಡಿದಳು. ಅವಳಿಗೆ ‘ಸ್ಕೂಟರಮ್ಮ’ ಎಂದು ಹೆಸರಿಟ್ಟವಳು ಕಂಡಕ್ಟರಮ್ಮನೇ.

“ಕೊನೆಗೂ ಒಪ್ಪಿದ್ರಂತಲ್ಲ?” ಅಂದಳು, ಸಣ್ಣ ದನಿಯಲ್ಲಿ.

“ಒಪ್ಪಿದ್ಲು. ನಾನೇ ಕೇಳ್ದೆ, ನಂಗೇ ಹೇಳಿದ್ಲು. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಅಕ್ಕ ಒಪ್ಪೋವರೆಗೂ ಒಂದು ಬಾಂಡ್ಲಿ ಸಿಮೆಂಟೂ ಬೀಳಲ್ಲ ಅಂತ ಸಭೇಲಿ ಹೇಳಿದ್ದೆ, ಹಂಗೇ ನಡ್ಕೊಂಡೆ. ಈಗ ಒಪ್ಪಿದ್ದಾಳೆ. ಅದನ್ನೂ ನಡೆಸ್ಬೇಕಲ್ಲ.”

ಪೆಟ್ಟಿಗೆಯ ತಲೆಯ ಹತ್ತಿರ ನಿಂತ ಮಗಳಿಗೆ ಅದು ಕೇಳಿಸಿತು. ಮಾವ ಸುಳ್ಳು ಹೇಳುವವನಲ್ಲ. ವರ್ಷ ವರ್ಷವೂ ಸಂಘದವರು ಒತ್ತಾಯಿಸಿದಾಗ ತಡೆದು ನಿಲ್ಲಿಸಿದವನೂ ಅವನೇ. ಹಾಗಾಗಿಯೇ ಅವಳಿಗೆ ಜಗಳ ಮಾಡಲೂ ಬಾಯಿರಲಿಲ್ಲ. ಅಮ್ಮ ಹೋದದ್ದು ಒಂದು ದುಃಖ. ಹೋಗುವ ಮೊದಲು ಅಮ್ಮ ಸೋತುಹೋದಳು, ಕೈಯಾರೆ ಬೆಳೆಸಿದ್ದನ್ನು ಬೇಡವೆಂದುಬಿಟ್ಟಳು ಎನ್ನುವುದು ಇನ್ನೊಂದು. ಆ ಎರಡನೆಯದು ಗಂಟಲಲ್ಲಿ ಮುಳ್ಳಿನ ಹಾಗೆ ನಿಂತಿತ್ತು. ನುಂಗಿದರೆ ಇಳಿಯದು, ಕೆಮ್ಮಿದರೆ ಬಾರದು.

*

ಆ ಬಸ್ಸಿನ ಕೊನೇ ಸ್ಟಾಪು ಗುಡ್ಡದ ಕಾಡಿನ ಅಂಚಿನಲ್ಲಿತ್ತು. ಅಲ್ಲಿಗೆ ರಸ್ತೆ ಮುಗಿಯುತ್ತದೆ. ಕಂಡಕ್ಟರಮ್ಮ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು: “ಕೊನೇ ಸ್ಟಾಪ್! ಚೀಲ ಬಿಡ್ಬೇಡಿ, ಛತ್ರಿ ಬಿಡ್ಬೇಡಿ, ಮಕ್ಕಳನ್ನಂತೂ ಬಿಡ್ಲೇಬೇಡಿ, ಸಾಕೋಕೆ ನಂಗಾಗಲ್ಲ!”

ಬಸ್ಸು ತಿರುಗುವ ಮುಂಚೆ ಸ್ವಲ್ಪ ಬಿಡುವು. ಡ್ರೈವರಣ್ಣ ಹಿಂದಿನ ಸೀಟಿನಲ್ಲಿ ಕಾಲು ಚಾಚಿದರೆ ಇವಳು ಮರಗಳ ಕೆಳಗೆ ಅಡ್ಡಾಡುತ್ತಿದ್ದಳು. ದಿನವಿಡೀ ‘ಸರೀರಿ, ಒಳಗೆ ಸರೀರಿ’ ಎಂದು ಕೂಗಿದ ಗಂಟಲಿಗೆ ಅಲ್ಲಿ ಮಾತನಾಡುವ ಕೆಲಸವಿರಲಿಲ್ಲ.

ಒಂದು ಬೇಸಿಗೆಯಲ್ಲಿ, ತರಗೆಲೆ ಕಾಲಡಿಯಲ್ಲಿ ಹಪ್ಪಳದಂತೆ ಮುರಿಯುವಾಗ, ದೊಡ್ಡ ಮರಗಳ ಬುಡದಲ್ಲಿ ಹಸಿರು ಚಾಪೆ ಹಾಸಿದ್ದು ಕಣ್ಣಿಗೆ ಬಿತ್ತು. ಬಿಸಿಲಿಲ್ಲ, ನೀರಿಲ್ಲ, ಹೇಳುವವರು ಕೇಳುವವರಿಲ್ಲ. ಆದರೂ ತನ್ನ ಪಾಡಿಗೆ ತಾನು ಹಬ್ಬಿಕೊಂಡಿತ್ತು. ಸೌದೆ ಆರಿಸುತ್ತಿದ್ದ ಮುದುಕಿಯೊಬ್ಬಳನ್ನು ಕೇಳಿದಳು:

“ಇದರ ಹೆಸರೇನಜ್ಜಿ?”

“ಯಾರಿಗ್ಗೊತ್ತಮ್ಮ. ಅದನ್ಯಾರೂ ಕರೆಯಲ್ಲ. ಅದೇ ಬರುತ್ತೆ.”

ಆ ಮಾತು ಕಂಡಕ್ಟರಮ್ಮನಿಗೆ ಹಿಡಿಸಿತು. ಬೇರಿನ ಗಂಟು ಸಮೇತ ಒಂದು ಸಣ್ಣ ಬುಡವನ್ನು ಬಿಡಿಸಿಕೊಂಡು, ಒದ್ದೆ ಕರವಸ್ತ್ರದಲ್ಲಿ ಸುತ್ತಿ ಮಡಿಲಲ್ಲಿಟ್ಟು ಕೂತಳು.

“ಅದಕ್ಕೆ ಟಿಕೆಟ್ ತಗೊಂಡ್ರಾ?” ಡ್ರೈವರಣ್ಣ ಕನ್ನಡಿಯಲ್ಲಿ ನೋಡಿ ಕೇಳಿದ.

“ಮಡಿಲಲ್ಲಿ ಕೂರೋ ಕೂಸಿಗೆ ಟಿಕೆಟ್ ಇಲ್ಲ. ರೂಲ್ಸ್ ಗೊತ್ತಿಲ್ವಾ? ರೈಟ್, ರೈಟ್, ನಡೀರಿ.”

ಹಾಗೆ ಅದು ಪೇಟೆಗೆ ಬಂತು. ಹೆಸರಿಲ್ಲದ್ದಕ್ಕೆ ಮನೆಯಲ್ಲಿ ‘ಕೊನೇ ಸ್ಟಾಪು’ ಎಂದೇ ಹೆಸರಾಯಿತು.

*

ಸ್ಮಶಾನದಲ್ಲಿ ಹೆಚ್ಚು ಹೊತ್ತು ಹಿಡಿಯಲಿಲ್ಲ. ಒಬ್ಬೊಬ್ಬರೇ ಬಂದು ಹಿಡಿ ಮಣ್ಣು ಹಾಕಿ ಪಕ್ಕಕ್ಕೆ ನಿಂತರು. ಮಣ್ಣು ಹಾಕುವ ಸರದಿಗೂ ಜನ ಬಸ್ಸು ಹತ್ತುವಂತೆ ಸಾಲು ಹಿಡಿದದ್ದು ಕಂಡು ಡ್ರೈವರಣ್ಣನಿಗೆ ನಗು ಬಂತು, ನಗುವಿನ ಹಿಂದೆಯೇ ಅಳು. ಅವನು ಎರಡನ್ನೂ ಒಂದೇ ಕರವಸ್ತ್ರದಲ್ಲಿ ಒರೆಸಿಕೊಂಡ.

“ಕೊನೇ ಸ್ಟಾಪ್ ಅಂತ ಕೂಗೋರು ಯಾರು ಈಗ?” ಅಂದ.

“ಯಾರೂ ಕೂಗ್ದೇ ಇದ್ರೂ ಇಳೀಲೇಬೇಕಲ್ಲ ಅಣ್ಣ,” ಅಂದಳು ಮಗಳು.

ವಾಪಸು ಬರುವಾಗ ಅವಳು ಸ್ಮಶಾನದ ಮರಗಳ ಬುಡವನ್ನು ನೋಡಿದಳು. ಬೋಳು ನೆಲ, ಗಟ್ಟಿ ಬೇರು. ಬೇರಿನ ಸಂದಿಗಳಲ್ಲಿ ಎಷ್ಟೊಂದು ಜಾಗವಿದೆ ಎಂದು ಕಣ್ಣು ತಾನಾಗಿಯೇ ಅಳೆಯಿತು. ಅಮ್ಮ ಕಲಿಸಿದ ಚಾಳಿ. ಆಮೇಲೆ ನಾಳೆಯ ಮೇಸ್ತ್ರಿ ನೆನಪಾಗಿ ಕಣ್ಣು ತೆಗೆದಳು.

*

ಮೊದಲ ಸಲ ತಂದ ಬುಡ ಸತ್ತಿತ್ತು. ಎರಡನೆಯ ಸಲದ್ದೂ ಸತ್ತಿತ್ತು.

ಕಂಡಕ್ಟರಮ್ಮ ಎಲ್ಲರಂತೆಯೇ ಶುರು ಮಾಡಿದ್ದಳು. ಮರದ ಸುತ್ತ ಆಳವಾಗಿ ಅಗೆದು, ಅಡ್ಡ ಬಂದ ಬೇರು ಕಡಿದು, ಒಳ್ಳೆಯ ಮಣ್ಣು ತುಂಬಿ, ದಿನವೂ ನೀರು ಚಿಮುಕಿಸಿದಳು. ಮರ ಸುಮ್ಮನಿದ್ದೀತೇ? ಸಿಹಿ ಮಣ್ಣಿನ ವಾಸನೆ ಹಿಡಿದು ಕೂದಲಿನಂಥ ಹೊಸ ಬೇರುಗಳನ್ನು ಬಿಟ್ಟು ಎಲ್ಲವನ್ನೂ ಹೀರಿತು. ಗಿಡ ಒಣಗಿತು, ಮರ ಇನ್ನಷ್ಟು ದಪ್ಪವಾಯಿತು.

“ಅಕ್ಕಾ, ಆ ಮರದ ಹೊಟ್ಟೆಗೆ ಎಷ್ಟು ಹಾಕಿದ್ರೂ ಸಾಲಲ್ಲ,” ಅಂದಿದ್ದ ತಮ್ಮ, ಮೇಲಿನ ಮಹಡಿಯಿಂದ. “ಹೊಳೇಲಿ ಹುಣಸೆಹಣ್ಣು ಕಿವುಚಿದಂಗೆ ಆಗ್ತಿದೆ.”

“ನೀನು ಕಾಲೇಜಿಗೆ ಹೋಗ್ತಿದ್ದಾಗ್ಲೂ ಜನ ನಂಗೆ ಇದನ್ನೇ ಹೇಳ್ತಿದ್ರು.”

ಅದು ನಿಜ. ಅವನನ್ನು ಓದಿಸಿದ್ದು ಅವಳ ಸಂಬಳ. ಅವನು ಅಕ್ಕನ ಬಸ್ಸಿನಲ್ಲೇ ಕಾಲೇಜಿಗೆ ಹೋಗುತ್ತಿದ್ದ. ಒಳಗೆ ಜಾಗವಿದ್ದರೂ ಗೆಳೆಯರ ಮುಂದೆ ಜಂಬಕ್ಕೆ ಬಾಗಿಲಲ್ಲೇ ನೇತಾಡುತ್ತಿದ್ದ. ಅವಳು ಹಿಂದಿನಿಂದ ಬಂದು, ಕೈಯನ್ನು ಹುಲ್ಲು ಸವರುವಂತೆ ಬೀಸಿ, “ಸರಿ! ಒಳಗೆ ಸರಿ! ಹಿಂದಿರೋರಿಗೆ ಗಾಳಿ ಬೆಳಕು ಬೇಡ್ವಾ?” ಎಂದು ಎಲ್ಲರ ಎದುರು ಮಾನ ಕಳೆಯುತ್ತಿದ್ದಳು.

ಮೂರನೆಯ ಸಲ ಅವಳು ಅಗೆಯಲಿಲ್ಲ. ಭಾನುವಾರ ಮರದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಬೆರಳಿನಿಂದ ನೆಲ ತಡವುತ್ತ ಹೋದಳು.

“ಏನಮ್ಮಾ ಹುಡುಕ್ತಿದೀಯ?” ಆಗಿನ್ನೂ ಸ್ಕೂಲಿಗೆ ಹೋಗುತ್ತಿದ್ದ ಮಗಳು ಕೇಳಿದಳು.

“ಸಂದಿ. ತುಂಬಿದ ಬಸ್ಸಲ್ಲಿ ಕೂತೋರನ್ನ ಎಬ್ಬಿಸಿ ಹೊಸಬರನ್ನ ಕೂರಿಸಕ್ಕಾಗುತ್ತಾ? ಜಗಳ ಆಗುತ್ತೆ. ಸಂದಿ ನೋಡಿ ನಿಲ್ಲಿಸ್ಬೇಕು.”

ಎರಡು ಬೇರುಗಳ ನಡುವೆ ಒಂದು ಅಂಗೈಯಗಲ ಜಾಗ ಸಿಕ್ಕಿದರೆ ಅಲ್ಲಿಗೆ ಕೊಳೆತ ಎಲೆಗೊಬ್ಬರ ತುಂಬಿ, ಬೇರಿನ ಗಂಟನ್ನು ಮಣ್ಣಿನ ಕೆಳಗೆ ಸ್ವಲ್ಪವೇ ಹುದುಗಿಸಿ, ಮೇಲೆ ಅದೇ ಮರದ ತರಗೆಲೆ ಮುಚ್ಚಿದಳು. ಗುಡಿಸುವವಳ ಪೊರಕೆಯನ್ನು ಕಸಿದುಕೊಂಡು, “ಬೇರೆಲ್ಲಾದ್ರೂ ಗುಡ್ಸು, ಇಲ್ಲಿ ಬೇಡ. ಮರ ತಾನು ಕುಡಿದ ನೀರಿಗೆ ಬಾಡಿಗೆ ಕೊಡ್ತಿದೆ, ಬೇಡ ಅನ್ಬಾರ್ದು,” ಅಂದಳು. ನೀರನ್ನು ದಿನವೂ ಚಿಮುಕಿಸುವುದು ಬಿಟ್ಟಳು. ಪಕ್ಕದಲ್ಲಿ ತಳ ತೂತಾದ ಮಡಕೆ ಹೂತು, ಆಗೊಮ್ಮೆ ಈಗೊಮ್ಮೆ ತುಂಬ ತುಂಬಿಸಿದಳು. ಅದು ಹನಿ ಹನಿಯಾಗಿ ಆಳಕ್ಕೆ ಇಳಿಯುತ್ತಿತ್ತು. ಒಂದು ಬೇಸಿಗೆ ಹಾಗೆ ಕಾದದ್ದಾಯಿತು. ಮಡಕೆಯನ್ನು ಆಮೇಲೆ ತೆಗೆದೇಬಿಟ್ಟಳು.

“ಬೆಳೀತಾನೇ ಇಲ್ವಲ್ಲಮ್ಮಾ,” ಅಂದಳು ಮಗಳು, ವರ್ಷ ಕಳೆದರೂ ಅಷ್ಟೇ ಎಲೆ ಕಂಡು.

“ಅವಸರ ಯಾಕೆ? ಮೊದಲನೇ ವರ್ಷ ಬಾಗಿಲಲ್ಲಿ ನೇತಾಡುತ್ತೆ. ಎರಡನೇ ವರ್ಷ ಕಂಬ ಹಿಡ್ಕೊಳ್ಳುತ್ತೆ. ಆಮೇಲೆ ನೋಡು, ಸೀಟು ಹಿಡಿದು ಪಕ್ಕದವರನ್ನ ಮಾತಾಡ್ಸೋಕೆ ಶುರು ಮಾಡುತ್ತೆ.”

ಹಾಗೆಯೇ ಆಯಿತು. ಒಂದು ವರ್ಷ ಚಳಿ ಕಳೆಯುವಾಗ, ಹಳೆಯ ಎಲೆಗಳನ್ನು ಕತ್ತರಿಸಿ ತೆಗೆದ ಜಾಗದಲ್ಲಿ ದಾರದಂಥ ದಂಟುಗಳು ಎದ್ದು, ಕಿವಿಯೋಲೆಯಂಥ ಹಳದಿ ಹೂ ತೂಗಿದವು. ಹೂ ಮುಗಿದ ಮೇಲೆ ಅವಳು ಒಂದು ಬುಡ ಬಿಡಿಸಿ ಮುಂದಿನ ಸಂದಿಗೆ ಸೇರಿಸಿದಳು. ಮರುವರ್ಷ ಅದರ ಮುಂದಿನದಕ್ಕೆ. ಹೀಗೆ ಅಂಗೈ ಅಂಗೈಯಾಗಿ ಅಂಗಳ ಹಸಿರಾಗುತ್ತ ಬಂತು. ಮಗಳು ಓದು ಮುಗಿಸಿ, “ಅಮ್ಮಾ, ಕನ್ನಡಕದ ಅಂಗಡೀಲಿ ಕೆಲಸ ಇದೆಯಂತೆ, ಸೇರ್ಕೊಳ್ಳಲಾ?” ಎಂದು ಕೇಳಿದಾಗಲೂ ಅವಳು ಮರದ ಬುಡದಲ್ಲೇ ಕೂತಿದ್ದಳು. ತಲೆ ಎತ್ತದೆಯೇ ಅಂದಳು: “ರೈಟ್.”

*

ಸ್ಮಶಾನದಿಂದ ಬಂದವರಿಗೆ ಸ್ಕೂಟರಮ್ಮ ಚಹಾ ಮಾಡಿದಳು. ಮನೆ ಸಣ್ಣದು. ಹೊರಗಿನ ಕೋಣೆಯಲ್ಲೇ ಕಂಡಕ್ಟರಮ್ಮನ ಮಂಚ. ಹಾಸಿಗೆ ಸುತ್ತಿಟ್ಟು ಬರಿದಾದ ಮಂಚದ ಮೇಲೆ ಕೂರಲು ಯಾರಿಗೂ ಮನಸ್ಸಾಗದೆ ಎಲ್ಲರೂ ಗೋಡೆಗೆ ಒರಗಿ ನಿಂತು ಕುಡಿಯುತ್ತಿದ್ದರು. ಮಂಚದ ನಾಲ್ಕು ಕಾಲಿಗೂ ಇಟ್ಟಿಗೆ ಕೊಟ್ಟು ಎತ್ತರಿಸಲಾಗಿತ್ತು.

“ನಂಗೂ ಒಂಥರಾ ಅನ್ಸುತ್ತೆ,” ಅಂದಳು ಸ್ಕೂಟರಮ್ಮ ಲೋಟ ಕೊಡುತ್ತ. “ಜಗಳ ಆಡಿದ್ದೀನಿ, ಇಲ್ಲ ಅನ್ನಲ್ಲ. ‘ನಿನ್ನ ಸ್ಕೂಟರ್ ಬೇರು ಬಿಡಲ್ಲ, ಎಲ್ಲಿ ಬೇಕಾದ್ರೂ ನಿಲ್ಲುತ್ತೆ’ ಅಂದಿದ್ರು ಒಂದ್ಸಲ. ಅಂಥೋರು ಇಷ್ಟು ಸಲೀಸಾಗಿ ಒಪ್ಪಿದ್ರಾ?”

ಸೆಕ್ರೆಟರಿ ಲೋಟ ಕೆಳಗಿಟ್ಟ. ಈ ಮಾತನ್ನು ಒಮ್ಮೆ ಪೂರ್ತಿಯಾಗಿ ಹೇಳಿ ಮುಗಿಸಿದರೆ ತನಗೂ ಹಗುರವಾದೀತು ಎಂದು ಅವನಿಗೂ ಅನಿಸಿರಬೇಕು.

“ನೋಡಿ, ನಡೆದದ್ದು ನಡೆದಂಗೆ ಹೇಳ್ತೀನಿ. ಲಕ್ವ ಹೊಡೆದ ಮೇಲೆ ಅರ್ಧ ಮಾತು ಹೋಗಿತ್ತು, ಎಲ್ರಿಗೂ ಗೊತ್ತು. ಆವತ್ತು ಬೆಳಿಗ್ಗೆ ಬಂದೆ. ಕಣ್ಣು ಬಿಟ್ಕೊಂಡಿದ್ಲು. ‘ಅಕ್ಕಾ, ಎಲ್ರೂ ಕೇಳ್ತಿದಾರೆ. ಮರದ ಕೆಳಗೆ ಸಿಮೆಂಟ್ ಹಾಕಿಸ್ಲಾ?’ ಅಂದೆ. ನನ್ನನ್ನೇ ದುರುಗುಟ್ಟಿಕೊಂಡು ನೋಡಿದ್ಲು. ‘ಸರಿ’ ಅಂದ್ಲು. ನಂಗೆ ನಂಬಿಕೆ ಬರ್ಲಿಲ್ಲ. ಮತ್ತೆ ಕೇಳ್ದೆ. ‘ಸರಿ, ಸರಿ’ ಅಂತ ಎರಡು ಸಲ ಅಂದ್ಲು. ಸಾಲದು ಅಂತ ಕೈ ಬೇರೆ ಹಿಂಗೆ ಆಡಿಸಿದ್ಲು, ಆಯ್ತು ಹೋಗು ಅನ್ನೋ ಥರ. ಅದಾದ ಮೇಲೆ ಮಾತೇ ನಿಂತೋಯ್ತು.”

ಅವನು ಕೈಯನ್ನು ಹುಲ್ಲು ಸವರುವಂತೆ ಪಕ್ಕಕ್ಕೆ ಬೀಸಿ ತೋರಿಸಿದ.

ಡ್ರೈವರಣ್ಣನ ಲೋಟ ತುಟಿಯ ಹತ್ತಿರವೇ ನಿಂತಿತು.

“ಇನ್ನೊಂದ್ಸಲ ಆಡ್ಸಿ, ಕೈಯ್ಯ.”

ಸೆಕ್ರೆಟರಿ ಇನ್ನೊಮ್ಮೆ ಬೀಸಿದ.

“ಸ್ವಾಮಿ, ನಾನು ದಿನಾ ಕನ್ನಡೀಲಿ ಆ ಕೈ ನೋಡಿದೋನು,” ಅಂದ ಡ್ರೈವರಣ್ಣ. “ಅದು ಒಪ್ಪಿಗೆ ಅಲ್ಲ. ಬಾಗಿಲಿಗೆ ಅಡ್ಡ ನಿಂತೋರಿಗೆ ಹೇಳೋದು. ಒಳಗೆ ಸರಿ, ಆ ಕಡೆ ಸರಿ ಅಂತ.”

 ಮಗಳು ಒಂದು ಹೆಜ್ಜೆ ಮುಂದೆ ಬಂದಳು.

“ಮಾವ, ನೀವು ಇಷ್ಟು ದಿನ ‘ಒಪ್ಪಿದ್ಲು’ ಅಂದ್ರಿ. ‘ಸರಿ’ ಅಂದ್ಲು ಅಂತ ಇವತ್ತೇ ಹೇಳ್ತಿರೋದು.”

“ಎರಡೂ ಒಂದೇ ಅಲ್ವೇನೇ?”

“ನಿಮ್ಮ ಆಫೀಸಲ್ಲಿ ಒಂದೇ. ಸರಿ ಸಾರ್, ಸರಿ ಸಾರ್ ಅಂತಲೇ ರಿಟೈರ್ ಆದ್ರಿ. ಅಮ್ಮ ಯಾವತ್ತಾದ್ರೂ ಒಪ್ಪಿಗೆಗೆ ಸರಿ ಅಂದಿದ್ಲಾ? ನನ್ನ ಕೆಲಸಕ್ಕೆ ಏನಂದ್ಲು? ನಿಮ್ಮ ಮದುವೆಗೆ ಹೆಣ್ಣು ನೋಡಿ ಬಂದು ಏನಂದ್ಲು?”

ಸೆಕ್ರೆಟರಿ ನೆನಪಿಸಿಕೊಂಡ. ಅಕ್ಕ ಆವತ್ತು ಯೂನಿಫಾರ್ಮಿನಲ್ಲೇ ಬಂದಿದ್ದಳು. ಹೆಣ್ಣಿನ ಮನೆಯವರೆಲ್ಲ ಇವಳೇನು ಹೇಳುತ್ತಾಳೋ ಎಂದು ಮುಖ ನೋಡುತ್ತಿದ್ದಾಗ, ಎದ್ದು ನಿಂತು ಅಂದದ್ದು ‘ರೈಟ್, ರೈಟ್’. ಬಸ್ಸು ಹೊರಟೇಹೋಯಿತು ಎನ್ನುವ ಹಾಗೆ ಎಲ್ಲರೂ ನಕ್ಕಿದ್ದರು.

“ಅದು ಆವಾಗ,” ಅಂದ, ದನಿ ತಗ್ಗಿಸಿ. “ನಾಲಗೆ ಹೊರಳ್ತಿರ್ಲಿಲ್ಲ ಕಣೇ. ರೈಟ್ ಅನ್ನೋಕೆ ಆಗದೆ ಸರಿ ಅಂದಿರ್ಬಹುದು. ನಾನು ಸುಮ್ನೆ ನನ್ನ ಮಾತು ಉಳಿಸ್ಕೊಳ್ಳೋಕೆ ಹೇಳ್ತಿಲ್ಲ. ಗೊತ್ತಾಗೋದು ಹೇಗೆ ಹೇಳು? ಅವಳನ್ನ ಕೇಳೋ ಹಂಗಿಲ್ಲ.”

ಅವನ ಮಾತಿನಲ್ಲೂ ನ್ಯಾಯವಿತ್ತು. ಮಗಳು ಸ್ವಲ್ಪ ಹೊತ್ತು ಮಂಚದ ಕಾಲಿನ ಇಟ್ಟಿಗೆಗಳನ್ನೇ ನೋಡಿದಳು.

“ಆವತ್ತು ಎಲ್ಲಿ ನಿಂತಿದ್ರಿ?”

“ಇಲ್ಲೇ. ಕಿಟಕಿ ಹತ್ರ.”

“ಹೋಗಿ ನಿಂತ್ಕೊಳ್ಳಿ.”

“ಏನಿದು, ಕಣ್ಣು ಟೆಸ್ಟಾ?”

“ಹೂಂ ಅಂತಲೇ ಇಟ್ಕೊಳ್ಳಿ.”

ಸೆಕ್ರೆಟರಿ ಹೋಗಿ ಕಿಟಕಿಗೆ ಬೆನ್ನು ಕೊಟ್ಟು ನಿಂತ. ಮಗಳು ಬರಿಯ ಮಂಚ ಹತ್ತಿ, ಅಮ್ಮ ಒರಗುತ್ತಿದ್ದ ಹಾಗೆಯೇ ಗೋಡೆಗೆ ಒರಗಿ ಕಾಲು ನೀಡಿದಳು. 

“ಏನು ಕಾಣುತ್ತೆ?” ಕೇಳಿದವನು ಸೆಕ್ರೆಟರಿಯೇ.

“ನಿಮ್ಮ ಅಂಗಿ. ಎರಡನೇ ಗುಂಡಿ ಸಡಿಲವಾಗಿದೆ.”

“ಬೇರೆ?”

“ಬೇರೆ ಏನೂ ಇಲ್ಲ. ಸರೀರಿ ಮಾವ.”

ಅವನು ಸರಿದ. ಕಿಟಕಿಯ ಹಲಗೆಯ ಮೇಲಿಂದ, ಓರೆಯಾಗಿ, ಮರದ ಬುಡ ಕಂಡಿತು. ತಾಮ್ರದೆಲೆಗಳ ಚಾಪೆ ಅಷ್ಟೂ ಕಂಡಿತು.

“ಈ ಇಟ್ಟಿಗೆ ಇಟ್ಟೋಳು ನಾನು,” ಅಂದಳು. “ಮಲಗಿದ್ರೆ ಬರೀ ಆಕಾಶ ಕಾಣುತ್ತೆ ಅಂತ ಅಮ್ಮ ಸನ್ನೆ ಮಾಡಿದ್ಲು. ಒಂದೊಂದೇ ಇಟ್ಟಿಗೆ ಸೇರಿಸಿ, ಈಗ ಕಾಣುತ್ತಾ, ಈಗ ಕಾಣುತ್ತಾ ಅಂತ ಕೇಳ್ದೆ. ಗಿಡ ಕಂಡ ಕೂಡ್ಲೇ ಏನಂದ್ಲು ಗೊತ್ತಾ? ‘ರೈ’ ಅಂದ್ಲು. ಪೂರ್ತಿ ಬರ್ಲಿಲ್ಲ. ಆದ್ರೆ ‘ರೈ’ ಅಂದ್ಲು.”

ಸೆಕ್ರೆಟರಿ ಮಂಚದ ಹತ್ತಿರ ಬಂದು, “ಇಳಿ,” ಅಂದ. ಮಂಡಿ ನೋವಿನ ಕಾಲನ್ನು ಕೈಯಿಂದ ಎತ್ತಿಟ್ಟುಕೊಂಡು ತಾನೇ ಹತ್ತಿ ಒರಗಿದ. ಮಗಳು ಹೋಗಿ ಕಿಟಕಿಯ ಹತ್ತಿರ ನಿಂತಳು. ಅವನ ಕಣ್ಣೆದುರಿನ ಹಸಿರು ಒಮ್ಮೆಗೇ ಮುಚ್ಚಿಹೋಯಿತು. ಅವನು ಕುತ್ತಿಗೆ ಆ ಕಡೆ ವಾಲಿಸಿದ, ಈ ಕಡೆ ವಾಲಿಸಿದ. ಅವನ ಕೈ ಅವನಿಗೆ ತಿಳಿಯದೆಯೇ ಮೇಲೆದ್ದು ಹುಲ್ಲು ಸವರುವಂತೆ ಬೀಸಿತು.

“ಸರಿ,” ಅಂದ. ಅಂದವನೇ ಬಾಯಿ ಮುಚ್ಚಿಕೊಂಡ.

ಮೊದಲು ಭುಜ ಕುಲುಕಿತು. ಅಳುತ್ತಿದ್ದಾನೆಂದು ಸ್ಕೂಟರಮ್ಮ ಹತ್ತಿರ ಹೋದರೆ ಅವನು ನಗುತ್ತಿದ್ದ. ಕಣ್ಣಲ್ಲಿ ನೀರು ಮಾತ್ರ ನಿಲ್ಲುತ್ತಿರಲಿಲ್ಲ.

“ನೋಡಿದ್ರಾ? ಸಾಯೋ ಕಾಲಕ್ಕೂ ನನ್ನನ್ನ ಬಾಗಿಲಿಂದ ಒಳಗೆ ತಳ್ಳಿದಾಳೆ. ನಾನು ಒಪ್ಪಿಗೆ ಕೇಳ್ತಾ ನಿಂತಿದೀನಿ, ಅವಳು ನನ್ನ ಮೈಯ ಹಿಂದೆ ಗಿಡ ಹುಡುಕ್ತಿದಾಳೆ!”

ಮಗಳ ಗಂಟಲಿನ ಮುಳ್ಳು ಆ ನಗುವಿನಲ್ಲೇ ಎಲ್ಲೋ ಇಳಿದುಹೋಯಿತು. ಅಮ್ಮ ಸೋತಿರಲಿಲ್ಲ. ಬರೀ ಸರಿ ಅಂದಿದ್ದಳು, ಅಷ್ಟೇ.

*

ಸಂಜೆಯ ಬಿಸಿಲು ಇಳಿಯುವ ಮುಂಚೆ ಮೇಸ್ತ್ರಿ ಬಂದ. ಸಾವಿನ ಮನೆಯೆಂದು ಹಿಂಜರಿಯುತ್ತ ಮರದ ಹತ್ತಿರವೇ ನಿಂತಿದ್ದ. ಸೆಕ್ರೆಟರಿಯನ್ನು ಕಂಡು ಚೀಲದಿಂದ ದಾರದ ಉಂಡೆ ತೆಗೆದ.

“ಸಾರ್, ಅಳತೆ ಹಿಡಿದು ದಾರ ಕಟ್ಟಿ ಹೋಗ್ಲಾ? ಬೆಳಿಗ್ಗೆ ಬೇಗ ಶುರು ಮಾಡ್ಬಹುದು.”

“ಸರಿ,” ಅಂದ ಸೆಕ್ರೆಟರಿ.

ಮೇಸ್ತ್ರಿ ಬಗ್ಗಿ ಗೂಟ ನೆಟ್ಟೇಬಿಟ್ಟ.

“ಅಯ್ಯೋ, ಅಲ್ಲಯ್ಯಾ! ಆ ಕಡೆ ಸರಿ ಅಂದೆ! ಗಿಡ ತುಳೀತಿದೀಯ!”

ಹಿಂದೆ ನಿಂತಿದ್ದ ಡ್ರೈವರಣ್ಣ ನಕ್ಕ ಸದ್ದಿಗೆ ಮರದ ಮೇಲಿನ ಹಕ್ಕಿ ಎದ್ದು ಹೋಯಿತು. ಮೇಸ್ತ್ರಿಗೆ ತಲೆಬುಡ ತಿಳಿಯಲಿಲ್ಲ.

“ಹಂಗಾದ್ರೆ ಹಾಕೋದಾ ಬೇಡ್ವಾ?”

“ಇಲ್ಲಿ ಬೇಡ. ಅಕ್ಕ ಒಪ್ಪಿಲ್ಲ.”

“ಸಾರ್… ಅವ್ರು ಇವತ್ತು…”

“ಹೌದು. ಅದಕ್ಕೇ ಇನ್ಮೇಲೆ ಒಪ್ಪೋದೂ ಇಲ್ಲ,” ಅಂದ ಸೆಕ್ರೆಟರಿ. ಈ ಸಲ ಸ್ಕೂಟರಮ್ಮನಿಗೂ ನಗು ತಡೆಯಲಾಗಲಿಲ್ಲ.

“ನಮ್ಮ ಗಾಡಿಗಳ ಗತಿ?” ಅಂದಳು, ಕೇಳಬೇಕಲ್ಲ ಎಂದು.

“ಗೇಟಿನ ಪಕ್ಕ, ನೀರು ನಿಂತು ಕೆಸರಾಗುತ್ತಲ್ಲ, ಅಲ್ಲಿ ಹಾಕ್ಸೋಣ. ನಾಲ್ಕು ಹೆಜ್ಜೆ ಜಾಸ್ತಿ ನಡೀಬೇಕು.”

ಸ್ಕೂಟರಮ್ಮ ತಾಮ್ರದೆಲೆಗಳನ್ನು ನೋಡಿದಳು. “ಒಳಗೆ ಜಾಗ ಇದೆ, ಸರೀರಿ ಸರೀರಿ ಅಂತ ಅವ್ರೇ ಹೇಳ್ದಂಗಾಯ್ತು,” ಅಂದಳು. “ಆಯ್ತು ಬಿಡಿ. ಮುಂದಿನ ಸಲ ಬುಡ ಬಿಡಿಸೋವಾಗ ನಂಗೊಂದು ಕೊಡಿ. ನಮ್ಮ ಹಿತ್ತಲ ಗೋಡೆ ಹತ್ರಾನೂ ಹಿಂಗೇ ಒಣ ನೆರಳು.”

“ನಂಗೂ ಒಂದು,” ಅಂದ ಡ್ರೈವರಣ್ಣ. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಮಗಳಿಗೆ ಸ್ಮಶಾನದ ಬೋಳು ಬುಡಗಳು ಕಣ್ಣಿಗೆ ಕಟ್ಟಿದವು.

“ಹೂ ಮುಗೀಲಿ ಅಣ್ಣ. ಆಮೇಲೆ ಬಿಡಿಸ್ತೀನಿ,” ಅಂದಳು.

ನೀಲಿ ಹಾಳೆ ತೆಗೆದರು. ಮೇಸ್ತ್ರಿಯೂ ಡ್ರೈವರಣ್ಣನೂ ಒಂದೊಂದೇ ಮೂಟೆಯನ್ನು ಗೇಟಿನ ಕಡೆಗೆ ಸಾಗಿಸಿದರು. ಕೊನೆಯ ಮೂಟೆ ನೆಲಕ್ಕೆ ಒತ್ತಿ ಕೂತಿತ್ತು. ಅದನ್ನು ಎಳೆಯಲು ಬಗ್ಗಿದ ಸೆಕ್ರೆಟರಿ ಹಾಗೆಯೇ ನಿಂತ.

“ಇಲ್ಲಿ ಬಾರೇ. ಇದೇನು ನೋಡು.”

ಮೂಟೆಯ ಕೆಳಗಿನಿಂದ, ಧೂಳಿನ ಕಡೆಗೆ, ಬಿಳಿ ದಾರದಂಥ ಒಂದು ದಂಟು ಹೊರಬಂದಿತ್ತು. ಕತ್ತಲಲ್ಲಿ ದಾರಿ ಹುಡುಕಿದ್ದರಿಂದ ಮೈಯೆಲ್ಲ ಸೊಟ್ಟ. ಒಂದಿಷ್ಟು ಎಡಕ್ಕೆ, ಒಂದಿಷ್ಟು ಬಲಕ್ಕೆ ಸರಿದು ಸರಿದು ಬಂದಿತ್ತು. ತುದಿಯಲ್ಲಿ ಇನ್ನೂ ಪೂರ್ತಿ ಬಿಚ್ಚದ ಒಂದು ಎಲೆ, ಉಗುರಿನಷ್ಟು.

ಮಗಳು ಎರಡು ಹಿಡಿ ತರಗೆಲೆ ತಂದು ಅದರ ಬುಡಕ್ಕೆ ಹಾಕಿದಳು. ಡ್ರೈವರಣ್ಣನೂ ಮೇಸ್ತ್ರಿಯೂ ಸೇರಿ ಮೂಟೆಯನ್ನು ಮೆಲ್ಲಗೆ, ನೇರವಾಗಿ ಮೇಲೆತ್ತಿದರು. ಗೋಡೆಗಳ ಸಂದಿಯಿಂದ ದಿನದ ಕಡೆಯ ಬೆಳಕು ಬರುತ್ತಿತ್ತು. ಅದು ಸೆಕ್ರೆಟರಿಯ ಬೆನ್ನಿಗೆ ಬಿದ್ದು, ಅವನ ನೆರಳು ಎಲೆಯ ಮೇಲೆ ಬಿದ್ದಿತ್ತು.

ಯಾರೂ ‘ಸರಿ’ ಅನ್ನಬೇಕಾಗಲಿಲ್ಲ. ಅವನು ಮಂಡಿ ಹಿಡಿದುಕೊಂಡು ಎದ್ದು, ಒಂದು ಹೆಜ್ಜೆ ಪಕ್ಕಕ್ಕೆ ಸರಿದ.